ಗಿಟಾರಿಗೆ ಹಾರ್ಡ್ ಕೇಸ್ ತಗೊಳ್ಳೋದಾ, ಗಿಗ್ ಬ್ಯಾಗ್ ಸಾಕಾ?

ಅಕೂಸ್ಟಿಕ್ ಗಿಟಾರ್ ಹಿಡಿದು ಬಸ್ಸಿನಲ್ಲಿ ಕ್ಲಾಸಿಗೆ ಹೋಗಿ ಬರ್ತೀನಿ, ಎಲ್ಲರೂ ಹೆಗಲಿಗೆ ಹಾಕುವ ಮೆತ್ತನೆ ಗಿಗ್ ಬ್ಯಾಗಿಗಿಂತ ಗಟ್ಟಿ ಪೆಟ್ಟಿಗೆಯಂಥ ಹಾರ್ಡ್ ಕೇಸೇ ಸೇಫ್ ಅಂತಾರೆ ಎಂದು ಬರೆದಿದ್ದೀರಿ. ನಾನೂ ಅದೇ ಮಾತು ನಂಬಿ ಹಾರ್ಡ್ ಕೇಸ್ ತಗೊಂಡಿದ್ದೆ. ನನ್ನ ಗಿಟಾರ್ ಮುರಿದದ್ದು ಆ ಕೇಸಿನ ಒಳಗೇ.

ಅದು ಎಲೆಕ್ಟ್ರಿಕ್ ಗಿಟಾರ್. ಮಹಾಗನಿ ಮರದ ನೆಕ್ (ಉದ್ದನೆಯ ಕುತ್ತಿಗೆ), ಹಿಂದಕ್ಕೆ ಬಾಗಿದ ಹೆಡ್‌ಸ್ಟಾಕ್ (ತಂತಿ ಬಿಗಿಸುವ ಕೀಲಿಗಳಿರುವ ತಲೆ). ಒಂದು ಕಾರ್ಯಕ್ರಮ ಮುಗಿದ ಮೇಲೆ ಕೇಸನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದೆ. ಯಾರದೋ ಕೈ ತಾಗಿ ಅದು ಬೆನ್ನಡಿಯಾಗಿ ಬಿತ್ತು. ಮೆಟ್ಟಿಲ ಮೇಲಿಂದಲ್ಲ, ನಿಂತಲ್ಲೇ ಬಿದ್ದದ್ದು. ಕೇಸಿಗೆ ಒಂದು ಗೀರೂ ಇರಲಿಲ್ಲ. ಅದಕ್ಕೇ ತೆರೆದು ನೋಡದೆ ಮನೆಗೆ ತಂದೆ.

ಮರುದಿನ ಕ್ಲಿಪ್ ತೆಗೆದು ಮುಚ್ಚಳ ಎತ್ತಿದರೆ ತಂತಿಗಳೆಲ್ಲ ಸಡಿಲಾಗಿ ಫ್ರೆಟ್ ಮೇಲೆ ಬಿದ್ದುಕೊಂಡಿದ್ದವು. ನಟ್ (ನೆಕ್ ಮತ್ತು ತಲೆ ಸೇರುವಲ್ಲಿ ತಂತಿ ಕೂರುವ ಪಟ್ಟಿ) ಹಿಂಭಾಗದಲ್ಲಿ ಬೆರಳಾಡಿಸಿದೆ. ಸಣ್ಣ ಏಣು ಸಿಕ್ಕಿತು. ಹೆಡ್‌ಸ್ಟಾಕಿನ ಮುಂದೆ ಅಂಟಿಸಿರುವ ತೆಳು ಮರದ ಹಾಳೆ ಮಾತ್ರ ಇನ್ನೂ ಹಿಡಿದುಕೊಂಡಿತ್ತು. ಹಿಂದಿನ ಮರ ಪೂರ್ತಿ ಬಾಯಿ ಬಿಟ್ಟಿತ್ತು.

ಯಾಕೆ ಹೀಗಾಯಿತು ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಏಕೆಂದರೆ ನಿಮಗೆ ಬೇಕಾದ ಉತ್ತರ ಇಲ್ಲೇ ಇದೆ. ಆ ಕೇಸು ನನ್ನ ಗಿಟಾರಿಗೆ ಅಂತಲೇ ಮಾಡಿದ್ದಲ್ಲ, ಎಲ್ಲ ಗಿಟಾರಿಗೂ ಆಗುತ್ತೆ ಅನ್ನುವ ಥರದ್ದು. ಬಾಡಿ ಪಕ್ಕದಲ್ಲಿ ಬೆರಳಗಲ ಜಾಗ ಉಳಿಯುತ್ತಿತ್ತು. ಹೆಡ್‌ಸ್ಟಾಕ್ ಕೆಳಗೂ ಒಂದು ಖಾಲಿ ಜಾಗ ಇತ್ತು. ಜಾಗ ಇದೆಯಲ್ಲ ಅಂತ ನಾನು ಕೇಬಲ್ ಸುತ್ತಿ ಅಲ್ಲಿ ತುರುಕುತ್ತಿದ್ದೆ. ತಲೆ ಅಲ್ಲಾಡೋದಿಲ್ಲ, ಇನ್ನೂ ಒಳ್ಳೆಯದೇ ಅಂತ ಅಂದುಕೊಂಡಿದ್ದೆ.

ಆ ಖಾಲಿ ಜಾಗ ಬೇಕೆಂದೇ ಬಿಟ್ಟದ್ದು. ಹೆಡ್‌ಸ್ಟಾಕ್ ಯಾವುದಕ್ಕೂ ತಾಗದೆ ತೇಲಬೇಕು. ಭಾರವನ್ನು ಬಾಡಿ ಮತ್ತು ನೆಕ್ ಕೆಳಗಿನ ಆಸರೆ ಹೊರಬೇಕು. ಕೇಸು ನೆಲಕ್ಕೆ ಬಡಿದಾಗ ಬಾಡಿ ಮೆತ್ತೆಯೊಳಗೆ ಸ್ವಲ್ಪ ಇಳಿಯುತ್ತೆ. ತಲೆಯೂ ಜೊತೆಗೆ ಇಳಿಯಬೇಕು. ಕೇಬಲ್ ಅದನ್ನು ತಡೆದು ಮುಂದಕ್ಕೆ ನೂಕಿತು. ತಂತಿಗಳು ಹೇಗೂ ತಲೆಯನ್ನು ಮುಂದಕ್ಕೇ ಎಳೀತಿರುತ್ತವೆ. 10-46 ದಪ್ಪದ ತಂತಿ ಸೆಟ್ಟಿನಲ್ಲಿ ಆ ಎಳೆತ ಒಟ್ಟು 45 ಕೆಜಿ ಹತ್ತಿರ ಬರುತ್ತೆ. ಬಿದ್ದ ಪೆಟ್ಟು, ತಂತಿಯ ಎಳೆತ ಎರಡೂ ಒಂದೇ ದಿಕ್ಕಿಗೆ, ಒಂದೇ ಜಾಗದ ಮೇಲೆ. ಆ ಜಾಗವೋ ನೆಕ್‌ನಲ್ಲೇ ಬಡಕಲು. ನೆಕ್ಕಿನ ಬಾಗು ಸರಿಪಡಿಸುವ ಒಳಗಿನ ಸರಳು, ಅಂದರೆ ಟ್ರಸ್ ರಾಡ್, ತಿರುಗಿಸೋಕೆ ಅಲ್ಲೇ ಮರ ಕೊರೆದು ಗುಳಿ ಮಾಡಿರುತ್ತಾರೆ. ನೇರ ಹಲಗೆಯಲ್ಲಿ ಬಾಗಿದ ತಲೆ ಕತ್ತರಿಸಿದ್ದರಿಂದ ಮರದ ಎಳೆಯೂ ಅಲ್ಲಿ ಗಿಡ್ಡವಾಗಿರುತ್ತೆ.

ರಿಪೇರಿ ಆಯಿತು. ಅಂಟು ಹಾಕಿ ಕ್ಲಾಂಪ್ ಬಿಗಿದು ಕೂರಿಸಿದರು. ಈಗಲೂ ಚೆನ್ನಾಗಿ ನುಡಿಯುತ್ತೆ, ಆದರೆ ಮಾರೋಕೆ ಹೋದರೆ ಆ ಗೆರೆ ನೋಡಿದ ಕೂಡಲೇ ಬೆಲೆ ಇಳಿಸುತ್ತಾರೆ.

ಹಾಗಾಗಿ ಗಟ್ಟಿಯದಾ, ಮೆತ್ತನೆಯದಾ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಒಳಗೆ ಗಿಟಾರ್ ಹೇಗೆ ಕೂತಿದೆ ಅಂತ ಕೇಳಿ. ಅಳತೆಗೆ ಸರಿಯಾಗಿ ಕೂರದ ಹಾರ್ಡ್ ಕೇಸಿಗಿಂತ ಬಿಗಿಯಾಗಿ ಕೂರುವ ಗಿಗ್ ಬ್ಯಾಗ್ ಎಷ್ಟೋ ಮೇಲು. ಗಿಟಾರನ್ನು ಒಳಗಿಟ್ಟು ಹೆಡ್‌ಸ್ಟಾಕ್ ಕೆಳಗೆ ಒಂದು ಹಾಳೆ ತೂರಿಸಿ ನೋಡಿ, ಎಲ್ಲೂ ಸಿಕ್ಕದೆ ಈಚೆ ಬರಬೇಕು. ಮುಚ್ಚಿ ಮೆಲ್ಲಗೆ ಅಲ್ಲಾಡಿಸಿ. ಒಳಗೆ ಧಡ್ ಅಂದರೆ ಆ ಕೇಸು ನಿಮ್ಮ ಗಿಟಾರಿನ ಅಳತೆಯದಲ್ಲ. ಡ್ರೆಡ್‌ನಾಟ್ ಅನ್ನುವ ದೊಡ್ಡ ಬಾಡಿಯ ಗಿಟಾರಿನ ಕೇಸಿನಲ್ಲಿ ಸಣ್ಣ ಬಾಡಿಯ ಗಿಟಾರ್ ಇಡೋರನ್ನು ತುಂಬಾ ನೋಡಿದ್ದೀನಿ. ಬೇರೆ ದಾರಿಯೇ ಇಲ್ಲದಿದ್ದರೆ ಬಾಡಿಯ ಎರಡೂ ಪಕ್ಕಕ್ಕೆ ಬಟ್ಟೆ ಮಡಚಿ ಇಡಿ.

ನಿಮ್ಮ ವಿಷಯಕ್ಕೆ ಬಂದರೆ, ಗಿಗ್ ಬ್ಯಾಗೇ ತಗೊಳ್ಳಿ. ಅಕೂಸ್ಟಿಕ್ ಗಿಟಾರ್ 2 ಕೆಜಿ ಆಸುಪಾಸು ಇರುತ್ತೆ. ಮರದ ಹಾರ್ಡ್ ಕೇಸು ಒಂದೇ 4-5 ಕೆಜಿ. ಅಷ್ಟು ಭಾರವನ್ನು ಒಂದೇ ಕೈಯಲ್ಲಿ ಹಿಡಿದು ತುಂಬಿದ ಬಸ್ಸಿನಲ್ಲಿ ನಿಲ್ಲೋಕೆ ಆಗಲ್ಲ. ಕೆಳಗಿಡ್ತೀರಿ, ಒರಗಿಸ್ತೀರಿ, ಬ್ರೇಕ್ ಹಾಕಿದಾಗ ಅದು ಬೀಳುತ್ತೆ. ಎರಡೂ ಹೆಗಲಿಗೆ ಪಟ್ಟಿ ಹಾಕಿಕೊಂಡ ಬ್ಯಾಗು ಕೂಸುಮರಿ ಮಾಡಿದ ಹಾಗೆ, ಬೆನ್ನು ಬಿಟ್ಟು ಎಲ್ಲೂ ಹೋಗಲ್ಲ. ಬಾಗಿಲಲ್ಲಿ ಮಾತ್ರ ಹುಷಾರು. ಬ್ಯಾಗಿನ ತುದಿ ನಿಮ್ಮ ತಲೆಗಿಂತ ಎತ್ತರ ಇರುತ್ತೆ, ಸುಮ್ನೆ ಕುತ್ತಿಗೆ ಬಗ್ಗಿಸಿದರೆ ಸಾಲದು, ಮಂಡಿ ಮಡಚಿಯೇ ಹತ್ತಬೇಕು.

ಆದರೆ ಗಿಟಾರ್ ಜೊತೆ ಪುಕ್ಕಟೆ ಕೊಡುವ ತೆಳು ನೈಲಾನ್ ಕವರನ್ನು ಗಿಗ್ ಬ್ಯಾಗ್ ಅಂತ ಅಂದುಕೊಳ್ಳಬೇಡಿ. ಅದು ಧೂಳಿಗೆ ಮಾತ್ರ. 20 ಮಿಲಿಮೀಟರಾದರೂ ದಪ್ಪದ ಗಟ್ಟಿ ಫೋಮ್ ಇರಲಿ, ನೆಕ್ ಕೂರೋಕೆ ಒಳಗೊಂದು ಆಸರೆ ಇರಲಿ. ತಳ ಒತ್ತಿ ನೋಡೋದನ್ನು ಮರೀಬೇಡಿ. ಗಿಟಾರಿನ ಬುಡದಲ್ಲಿ ಸ್ಟ್ರಾಪ್ ಸಿಕ್ಕಿಸುವ ಗುಂಡಿ ಇದೆಯಲ್ಲ, ಬ್ಯಾಗನ್ನು ಧೊಪ್ಪನೆ ನೆಲಕ್ಕೆ ಇಟ್ಟಾಗ ಇಡೀ ಪೆಟ್ಟು ಅದರ ಮೇಲೆ ಬಿದ್ದು ಸುತ್ತಲಿನ ಮರ ಸೀಳುತ್ತೆ. ತಳದಲ್ಲಿ ದಪ್ಪ ರಬ್ಬರ್ ಅಥವಾ ಎರಡು ಪದರ ಫೋಮ್ ಇದ್ದರೆ ಆ ಚಿಂತೆ ಇಲ್ಲ.

ಹಾರ್ಡ್ ಕೇಸ್ ಬೇಡವೇ ಬೇಡ ಅಂತಲ್ಲ. ಗಿಟಾರ್ ನಿಮ್ಮ ಕೈ ಬಿಟ್ಟು ಬೇರೆಯವರ ಕೈಗೆ ಹೋಗುವ ದಿನ ಅದೇ ಬೇಕು. ವಿಮಾನದ ಲಗೇಜು, ಬಸ್ಸಿನ ಡಿಕ್ಕಿ, ಆಂಪ್ಲಿಫೈಯರ್ ಜೊತೆ ಪೇರಿಸುವ ವ್ಯಾನು, ಇಲ್ಲೆಲ್ಲ ಮೇಲಿಂದ ಭಾರ ಬೀಳುತ್ತೆ, ಫೋಮ್ ತಡೆಯಲ್ಲ. ಅಂಥ ಪ್ರಯಾಣಕ್ಕೆ ತಂತಿಯನ್ನೂ ಸ್ವಲ್ಪ ಇಳಿಸಿಡಿ. ತಿಂಗಳುಗಟ್ಟಲೆ ನುಡಿಸದೆ ಇಡೋದಾದರೂ ಕೇಸು ಒಳ್ಳೆಯದು. ಒಳಗೊಂದು ಹ್ಯುಮಿಡಿಫೈಯರ್ ಇಟ್ಟು ತೇವಾಂಶವನ್ನು 45-55 ಶೇಕಡಾ ನಡುವೆ ಕಾಯಬಹುದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಯಾವುದರಲ್ಲಿ ಇಟ್ಟರೂ ಅಷ್ಟೇ, ಅಂಟು ಮೆತ್ತಗಾಗಿ ಬಾಡಿಯ ಮೇಲೆ ತಂತಿ ಹಿಡಿದಿಡುವ ಬ್ರಿಜ್ ಎದ್ದು ಬರುತ್ತೆ.

ಕೊಳ್ಳೋಕೆ ಹೋಗುವಾಗ ಗಿಟಾರನ್ನು ಜೊತೆಗೇ ಒಯ್ಯಿರಿ, ಲೇಬಲ್ ಮೇಲಿನ ಅಳತೆ ನಂಬಿ ತರಬೇಡಿ. ಕೇಬಲ್ಲು, ನೆಕ್ಕಿಗೆ ಸಿಕ್ಕಿಸುವ ಕ್ಲಿಪ್ಪಿನಂಥ ಕೇಪೋಗಳನ್ನು ಹೊರಗಿನ ಜೇಬಿನಲ್ಲಿಡಿ. ಜೇಬು ಬ್ರಿಜ್ ಮೇಲೆ ಬರುವಂತಿದ್ದರೆ ಅವುಗಳಿಗೆ ಬೇರೆ ಚೀಲವೇ ಇರಲಿ.