ಕೇಳಿ, ಹೇಳುತ್ತೇನೆ: ಡಬ್ಲಿನ್ ಕ್ಯಾಸಲ್‌ಗೆ ಬಂದ ಬಡವರ ಅರ್ಜಿಗಳು

ಪ್ರಶ್ನೆ: ಮೇಡಂ, ನಾನು ಇತಿಹಾಸದ ವಿದ್ಯಾರ್ಥಿನಿ. 1800ರ ನಂತರದ ವರ್ಷಗಳಲ್ಲಿ ಐರ್ಲೆಂಡಿನ ಗೇಣಿದಾರರು, ವಿಧವೆಯರು, ಕೈದಿಗಳು ಸರ್ಕಾರಕ್ಕೆ ರಾಶಿ ರಾಶಿ ಅರ್ಜಿ ಬರೆದಿದ್ದರು ಅಂತ ಓದಿದೆ. ಓದು ಬರಹ ಇಲ್ಲದವರು ಅದನ್ನು ಹೇಗೆ ಬರೆದರು? ಯಾರಿಗೆ ಬರೆದರು? ಬರೆದದ್ದರಿಂದ ಏನಾದರೂ ಆಯಿತಾ?

ಉತ್ತರ: ಮೊದಲು ಯಾರಿಗೆ ಅನ್ನುವುದನ್ನು ಹೇಳಿಬಿಡುತ್ತೇನೆ. 1801ರ ಜನವರಿ 1ರಿಂದ ಐರ್ಲೆಂಡ್ ಬ್ರಿಟನ್ ಜೊತೆ ಸೇರಿತು. ಡಬ್ಲಿನ್ನಿನಲ್ಲಿದ್ದ ಪಾರ್ಲಿಮೆಂಟು ಮುಚ್ಚಿತು. ಕಾನೂನು ಮಾಡುವುದು ಲಂಡನ್ನಿನಲ್ಲಾದರೂ ದಿನದಿನದ ಆಡಳಿತ ಡಬ್ಲಿನ್ ಕ್ಯಾಸಲ್‌ನಲ್ಲೇ ಉಳಿಯಿತು. ಅಲ್ಲಿ ರಾಜನ ಪ್ರತಿನಿಧಿಯಾಗಿ ಲಾರ್ಡ್ ಲೆಫ್ಟಿನೆಂಟ್. ಅವರ ಕೈಕೆಳಗೆ ಚೀಫ್ ಸೆಕ್ರೆಟರಿ. ಈ ಚೀಫ್ ಸೆಕ್ರೆಟರಿ ಪಾರ್ಲಿಮೆಂಟಿಗಾಗಿ ತಿಂಗಳುಗಟ್ಟಲೆ ಲಂಡನ್ನಿನಲ್ಲೇ ಇರುತ್ತಿದ್ದರು. ಆಗ ಆಫೀಸು ನೋಡಿಕೊಳ್ಳುತ್ತಿದ್ದವರು ಅಂಡರ್ ಸೆಕ್ರೆಟರಿ ವಿಲಿಯಂ ಗ್ರೆಗರಿ. 1812ರಿಂದ 1830ರವರೆಗೆ ಅದೇ ಕುರ್ಚಿಯಲ್ಲಿದ್ದರು. ರಾಬರ್ಟ್ ಪೀಲ್, ಚಾರ್ಲ್ಸ್ ಗ್ರಾಂಟ್, ಹೆನ್ರಿ ಗೋಲ್ಬರ್ನ್ ಒಬ್ಬರಾದ ಮೇಲೆ ಒಬ್ಬರು ಚೀಫ್ ಸೆಕ್ರೆಟರಿಯಾಗಿ ಬಂದರು, ಹೋದರು. ಗ್ರೆಗರಿ ಮಾತ್ರ ಅಲ್ಲೇ. ಹಾಗಾಗಿ ಅರ್ಜಿಯ ತಲೆಬರಹದಲ್ಲಿ ಲಾರ್ಡ್ ಲೆಫ್ಟಿನೆಂಟ್ ಹೆಸರಿದ್ದರೂ ಅದರ ಹಣೆಬರಹ ಎಷ್ಟೋ ಸಲ ತೀರ್ಮಾನವಾಗುತ್ತಿದ್ದದ್ದು ಈ ಮನುಷ್ಯನ ಮೇಜಿನ ಮೇಲೆ.

ನಮ್ಮ ಓದುಗರಿಗೆ ಒಂದು ಹೆಸರು ಪರಿಚಯ ಇರುತ್ತದೆ. 1821ರ ಕೊನೆಗೆ ಲಾರ್ಡ್ ಲೆಫ್ಟಿನೆಂಟ್ ಆಗಿ ಬಂದವರು ಮಾರ್ಕ್ವಿಸ್ ವೆಲ್ಲೆಸ್ಲಿ. 1799ರಲ್ಲಿ ಟಿಪ್ಪು ಸುಲ್ತಾನನ ಮೇಲೆ ಯುದ್ಧ ಹೂಡಿದ ಗವರ್ನರ್ ಜನರಲ್ ಇವರೇ. ಹುಟ್ಟಿದ್ದು ಐರ್ಲೆಂಡಿನಲ್ಲೇ.

ಈಗ ಬರೆದವರು ಯಾರು ಅನ್ನುವುದು. 1841ರ ಜನಗಣತಿಯಲ್ಲಿ ಕೂಡ ಐದು ವರ್ಷ ದಾಟಿದವರಲ್ಲಿ ನೂರಕ್ಕೆ 53 ಜನರಿಗೆ ಓದಲೂ ಬರುತ್ತಿರಲಿಲ್ಲ, ಬರೆಯಲೂ ಬರುತ್ತಿರಲಿಲ್ಲ. ಪಶ್ಚಿಮದ ಕೌಂಟಿಗಳಲ್ಲಿ ಎಷ್ಟೋ ಜನರ ಮನೆಮಾತು ಐರಿಷ್. ಅರ್ಜಿ ಹೋಗಬೇಕಾದದ್ದು ಇಂಗ್ಲಿಷಿನಲ್ಲಿ. ಇಲ್ಲಿ ಕೈಹಿಡಿದವರು ಹಳ್ಳಿಯ ಮೇಷ್ಟ್ರುಗಳು. ಆಗ ಊರೂರಲ್ಲೂ ಖಾಸಗಿ ಶಾಲೆಗಳಿದ್ದವು, ಬೇಲಿ ಶಾಲೆ ಅಂತ ಹೆಸರು. 1824ರಲ್ಲಿ ಸರ್ಕಾರ ಎಣಿಸಿದಾಗ ದೇಶದಲ್ಲಿ ಸುಮಾರು 11,800 ಶಾಲೆಗಳಿದ್ದವು. ಅದರಲ್ಲಿ 9,000ಕ್ಕಿಂತ ಜಾಸ್ತಿ ಹೀಗೆ ಮಕ್ಕಳ ಫೀಸಿನ ಮೇಲೆ ನಡೆಯುತ್ತಿದ್ದ ಶಾಲೆಗಳು. ಈ ಮೇಷ್ಟ್ರುಗಳ ಆದಾಯ ಅಷ್ಟಕ್ಕಷ್ಟೇ. ಊರವರ ಕಾಗದ ಪತ್ರ, ಅರ್ಜಿ ಬರೆದುಕೊಟ್ಟು ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದರು. ದೊಡ್ಡ ದೊಡ್ಡ ಪದ ಹಾಕಿ ಬರೆಯುವುದರಲ್ಲಿ ಅವರಿಗೆ ಹೆಮ್ಮೆ. ಹಾಗಾಗಿ ಅರ್ಜಿಯ ಭಾಷೆ ಮೇಷ್ಟ್ರದ್ದು, ಸಂಕಟ ಮಾತ್ರ ಅರ್ಜಿದಾರರದ್ದು. ಕೆಳಗೆ ಸಹಿಯ ಜಾಗದಲ್ಲಿ ಒಂದು ಕತ್ತರಿ ಗುರುತು, ಪಕ್ಕದಲ್ಲಿ ಇಂಥವರ ಗುರುತು ಅಂತ ಬೇರೆ ಕೈಬರಹ. ಕೈದಿಯ ಅರ್ಜಿಯಾದರೆ ಜೊತೆಗೆ ಪಾದ್ರಿಯದ್ದೋ ಜಮೀನ್ದಾರರದ್ದೋ ಸನ್ನಡತೆಯ ಪತ್ರ, ನೆರೆಹೊರೆಯವರ ಸಹಿಗಳು.

ನಾನು ಸರ್ಕಾರಿ ಕಚೇರಿಯ ದಫ್ತರ ವಿಭಾಗದಲ್ಲಿ ಕೆಲಸ ಮಾಡಿದವಳು. ಹಳೇ ಕಾಗದ ಅಂದರೆ ನನ್ನ ಕಣ್ಣು ಮೊದಲು ಹಿಂಬದಿಗೆ ಹೋಗುತ್ತದೆ. ಡಬ್ಲಿನ್ನಿನ ಅರ್ಜಿಗಳಿಗೂ ಆ ಹಿಂಬದಿ ಮುಖ್ಯ. ಕಾಗದವನ್ನು ಉದ್ದಕ್ಕೆ ಮಡಚುತ್ತಿದ್ದರು. ಮಡಿಕೆಯ ಹೊರಮೈ ಮೇಲೆ ಗುಮಾಸ್ತ ನಂಬರು, ತಾರೀಖು, ಅರ್ಜಿದಾರರ ಹೆಸರು, ಒಂದೆರಡು ಸಾಲಿನಲ್ಲಿ ವಿಷಯ ಬರೆಯುತ್ತಿದ್ದ. 1818ರಿಂದ ಬಂದ ಕಾಗದಗಳನ್ನೆಲ್ಲ ಹೀಗೆ ರಿಜಿಸ್ಟರಿನಲ್ಲಿ ಹತ್ತಿಸುವ ಪದ್ಧತಿ ಶುರುವಾಯಿತು. ಅದೇ ಹೊರಮೈ ಮೇಲೆ ಅಧಿಕಾರಿಯ ಷರಾ. ನ್ಯಾಯಾಧೀಶರ ಅಭಿಪ್ರಾಯ ಕೇಳಿ. ಮ್ಯಾಜಿಸ್ಟ್ರೇಟರಿಗೆ ಕಳಿಸಿ. ಇಲ್ಲವೇ, ಕಾನೂನು ತನ್ನ ಪಾಡಿಗೆ ನಡೆಯಲಿ. ಈ ಕೊನೆಯ ಷರಾ ಬಿತ್ತು ಅಂದರೆ ದಯೆಯ ಅರ್ಜಿ ಅಲ್ಲಿಗೆ ಮುಗಿಯಿತು. ಒಳಗಡೆ ಮೂರು ಪುಟ ಗೋಳು, ಹೊರಗಡೆ ಒಂದು ಸಾಲು. ಓದುವಾಗ ನನಗೆ ಎದೆ ಭಾರವಾಗುತ್ತದೆ.

ಉಪಯೋಗ ಆಯಿತಾ ಅಂದರೆ, ಕೆಲವರಿಗೆ ಖಂಡಿತ ಆಯಿತು. ಶಿಕ್ಷೆ ಕಡಿಮೆ ಮಾಡುವ ಅಧಿಕಾರ ಐರ್ಲೆಂಡಿನಲ್ಲಿ ಲಾರ್ಡ್ ಲೆಫ್ಟಿನೆಂಟ್ ಕೈಯಲ್ಲೇ ಇತ್ತು. ಆ ಕಾಲದಲ್ಲಿ ಕುರಿ ಕದ್ದರೂ ಗಲ್ಲಿನ ಶಿಕ್ಷೆ ಬರಬಹುದಿತ್ತು. ಅದನ್ನು ತಗ್ಗಿಸಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ಗೆ ಗಡೀಪಾರು ಮಾಡುವುದು ಮಾಮೂಲಾಗಿತ್ತು. ಗಡೀಪಾರಾದವನ ಮನೆಯವರು ಮತ್ತೆ ಅರ್ಜಿ ಹಾಕುತ್ತಿದ್ದರು: ಇಲ್ಲೇ ಜೈಲಿನಲ್ಲಿಡಿ, ಸಮುದ್ರ ದಾಟಿಸಬೇಡಿ. ಹಡಗು ಹೊರಡುವುದರೊಳಗೆ ಅರ್ಜಿ ಮುಟ್ಟಬೇಕು. ತಡವಾದರೆ ಮುಗಿಯಿತು. 1820ರ ದಶಕದಲ್ಲಿ ಕೈದಿಗಳನ್ನು ಕಾರ್ಕ್ ಹತ್ತಿರದ ಕೋವ್ ಬಂದರಿನಲ್ಲಿ, ಡಬ್ಲಿನ್ ಹತ್ತಿರದ ಕಿಂಗ್ಸ್‌ಟೌನ್ ಬಂದರಿನಲ್ಲಿ ನಿಂತ ಹಳೇ ಹಡಗುಗಳ ಒಳಗೆ ಕೂಡಿ ಹಾಕುತ್ತಿದ್ದರು. ಆ ಹಡಗುಗಳಿಂದಲೂ ಅರ್ಜಿ ಬರುತ್ತಿದ್ದವು.

ನನ್ನನ್ನು ತುಂಬಾ ಕಾಡುವುದು ಹೆಂಡತಿಯರ ಅರ್ಜಿಗಳು. ಗಂಡನನ್ನು ಬಿಡಿ ಅಂತ ಕೇಳಿ ಸೋತವರು, ಹಾಗಾದರೆ ನನ್ನನ್ನೂ ಮಕ್ಕಳನ್ನೂ ಅವನ ಜೊತೆ ಕಳಿಸಿ ಅಂತ ಕೇಳಿದರು. ತಿರುಗಿ ಬರುವ ಮಾತೇ ಇಲ್ಲದ, ತಿಂಗಳುಗಟ್ಟಲೆ ಹಿಡಿಯುವ ಪ್ರಯಾಣ ಅದು. ಅದಕ್ಕೂ ಅರ್ಜಿ, ಅದಕ್ಕೂ ಶಿಫಾರಸು. ಅಲ್ಲಿ ಒಳ್ಳೇ ನಡತೆ ತೋರಿಸಿದ ಕೈದಿಗಳು ಕೂಡ ಸಂಸಾರವನ್ನು ಕರೆಸಿಕೊಳ್ಳಲು ಆ ಕಡೆಯಿಂದ ಮನವಿ ಸಲ್ಲಿಸುತ್ತಿದ್ದರು. ಒಪ್ಪಿಗೆ ಸಿಕ್ಕಿದ ಹೆಂಗಸರು, ಮಕ್ಕಳು ಸರ್ಕಾರದ ಖರ್ಚಿನಲ್ಲಿ ಹಡಗು ಹತ್ತಿದರು.

ಇನ್ನು ಊರವರೆಲ್ಲ ಸೇರಿ ಕೊಟ್ಟ ಅರ್ಜಿಗಳು. 1821ರಲ್ಲಿ ಬಿಡದೆ ಮಳೆ ಸುರಿಯಿತು, ಆಲೂಗಡ್ಡೆ ನೆಲದಲ್ಲೇ ಕೊಳೆಯಿತು. 1822ರ ಬೇಸಿಗೆಗೆ ಮೇಯೋ, ಗಾಲ್ವೇ, ಕ್ಲೇರ್, ಕೆರ್ರಿ, ಕಾರ್ಕ್ ಕೌಂಟಿಗಳಲ್ಲಿ ಹಸಿವು. ದೇಶದಲ್ಲಿ ಧಾನ್ಯ ಇತ್ತು. ಕೊಳ್ಳಲು ಬಡವರ ಕೈಯಲ್ಲಿ ದುಡ್ಡಿರಲಿಲ್ಲ. ಆ ವರ್ಷದ ಅರ್ಜಿಗಳನ್ನು ಗಮನವಿಟ್ಟು ಓದಿ. ಸುಮ್ನೆ ಊಟ ಹಾಕಿ ಅಂತ ಅಷ್ಟೇ ಕೇಳುವುದಿಲ್ಲ. ನಮ್ಮೂರಿಗೆ ರಸ್ತೆ ಮಾಡಿಸಿ, ಕೆಲಸ ಕೊಡಿ, ಕೂಲಿ ಕೊಡಿ, ಬಿತ್ತನೆಗೆ ಆಲೂಗಡ್ಡೆ ಕೊಡಿ ಅಂತಲೂ ಕೇಳುತ್ತಾರೆ. ಸರ್ಕಾರ ರಸ್ತೆ ಕೆಲಸ ಶುರು ಮಾಡಿಸಿತು. ಪಶ್ಚಿಮದಲ್ಲಿ ಅಲೆಕ್ಸಾಂಡರ್ ನಿಮ್ಮೊ, ದಕ್ಷಿಣದಲ್ಲಿ ರಿಚರ್ಡ್ ಗ್ರಿಫಿತ್ ಎಂಬ ಎಂಜಿನಿಯರುಗಳು ಮುಂದೆ ನಿಂತರು. ಲಂಡನ್ನಿನಲ್ಲಿ ದಾನಿಗಳ ಸಮಿತಿಯೊಂದು 3 ಲಕ್ಷ ಪೌಂಡಿಗೂ ಹೆಚ್ಚು ಹಣ ಕೂಡಿಸಿತು.

ಇಷ್ಟರ ಮೇಲೂ, ಕೇಳಿದವರ ಸಂಖ್ಯೆ ಎಲ್ಲಿ, ಸಿಕ್ಕವರ ಸಂಖ್ಯೆ ಎಲ್ಲಿ? 1825ರಲ್ಲಿ ಪೀಟರ್ ರಾಬಿನ್ಸನ್ ಎಂಬುವರು ಕಾರ್ಕ್ ಕಡೆಯ ಬಡ ಸಂಸಾರಗಳನ್ನು ಸರ್ಕಾರದ ಖರ್ಚಿನಲ್ಲಿ ಕೆನಡಾಕ್ಕೆ ಕರೆದುಕೊಂಡು ಹೋದರು. ಜಮೀನು ಕೊಡುತ್ತಾರೆ ಅಂತ ಸುದ್ದಿಯಾಯಿತು. 50,000ಕ್ಕೂ ಹೆಚ್ಚು ಜನ ಹೆಸರು ಕೊಟ್ಟರು. ಹಡಗು ಹತ್ತಿದವರು 2,024.

ಪ್ರಶ್ನೆ: ಐರಿಷ್ ಜನ ಬ್ರಿಟಿಷ್ ಆಡಳಿತವನ್ನು ದ್ವೇಷಿಸುತ್ತಿದ್ದರು ಅಲ್ವಾ? ಹಾಗಿದ್ದೂ ಅದೇ ಅಧಿಕಾರಿಗಳ ಕಾಲಿಗೆ ಬೀಳುವುದು ಗುಲಾಮತನ ಅಂತ ನನಗನ್ನಿಸುತ್ತದೆ. ನೀವೇನಂತೀರಿ?

ಉತ್ತರ: ಇದನ್ನು ನಾನು ಒಪ್ಪುವುದಿಲ್ಲ. ಅವರ ಜಾಗದಲ್ಲಿ ನಿಂತು ನೋಡಿ. ಗೇಣಿ ಬಾಕಿ ಅಂತ ಹೊರಹಾಕುವವನು ಜಮೀನ್ದಾರ. ಊರಿನ ಮ್ಯಾಜಿಸ್ಟ್ರೇಟ್ ಕೂಡ ಅವನೇ, ಇಲ್ಲವೇ ಅವನ ನೆಂಟ. ಬಹುಪಾಲು ಜನ ಕ್ಯಾಥೊಲಿಕರು, ಆದರೂ ತಮ್ಮದಲ್ಲದ ಪ್ರಾಟೆಸ್ಟೆಂಟ್ ಚರ್ಚಿಗೆ ಬೆಳೆಯ ಲೆಕ್ಕದಲ್ಲಿ ತೆರಿಗೆ ಕಟ್ಟಬೇಕು. ಅನ್ಯಾಯ ಮಾಡಿದವನ ಹತ್ತಿರವೇ ನ್ಯಾಯ ಕೇಳುವುದು ಹೇಗೆ? ಅವನನ್ನು ದಾಟಿ ಮೇಲಕ್ಕೆ ಹೋಗಲು ಇದ್ದದ್ದು ಡಬ್ಲಿನ್ನಿನ ಆ ಒಂದು ಬಾಗಿಲು. ಊರಿನ ದೊಡ್ಡ ಮನುಷ್ಯನ ಮೇಲೆ ಕ್ಯಾಸಲ್‌ಗೆ ದೂರು ಬರೆದು, ಊರಲ್ಲೇ ಉಳಿದು ಬಾಳಬೇಕು. ಅದಕ್ಕೆ ಧೈರ್ಯ ಬೇಕು.

ಅತಿ ವಿನಯದ ಮಾತುಗಳು ಅರ್ಜಿಯ ನಮೂನೆ. ಯಾರು ಬರೆದರೂ ಹಾಗೇ ಶುರು, ಹಾಗೇ ಮುಕ್ತಾಯ, ಕೊನೆಗೆ ತಮಗಾಗಿ ಸದಾ ಪ್ರಾರ್ಥಿಸುತ್ತೇನೆ ಅನ್ನುವ ಸಾಲು. ಅದನ್ನು ಪಕ್ಕಕ್ಕಿಟ್ಟು ನಡುವಿನದನ್ನು ಓದಿ. ಗಂಡ ರಾಜನ ಸೈನ್ಯದಲ್ಲಿದ್ದು ಸತ್ತ, ಪಿಂಚಣಿ ಕೊಡಿ. ಸಾಕ್ಷಿ ಸುಳ್ಳು ಹೇಳಿದ, ಕೇಸು ಮತ್ತೆ ನೋಡಿ. ಇದು ಕಾಲಿಗೆ ಬೀಳುವವರ ಮಾತಲ್ಲ, ಲೆಕ್ಕ ಕೇಳುವವರ ಮಾತು.

ಇದೇ ಜನ ಬಂಡಾಯವನ್ನೂ ಮಾಡಿದರು ಅನ್ನುವುದನ್ನು ಮರೆಯಬೇಡಿ. 1821ರಿಂದ 1824ರವರೆಗೆ ಮನ್‌ಸ್ಟರ್ ಪ್ರಾಂತ್ಯದಲ್ಲಿ ಕ್ಯಾಪ್ಟನ್ ರಾಕ್ ಎಂಬ ಕಲ್ಪಿತ ಹೆಸರಿನಲ್ಲಿ ಬೆದರಿಕೆ ಪತ್ರಗಳು ಹರಿದಾಡಿದವು, ಗುಂಪುಗಳು ರಾತ್ರಿ ದಾಳಿ ಮಾಡಿದವು. 1822ರಲ್ಲಿ ಬಿಗಿ ಕಾನೂನು ಬಂತು. ಅದು ಜಾರಿಯಾದ ಕಡೆ ಸೂರ್ಯ ಮುಳುಗಿದ ಮೇಲೆ ಮನೆಯ ಹೊರಗೆ ಸಿಕ್ಕಿಬಿದ್ದರೆ ಏಳು ವರ್ಷ ಗಡೀಪಾರು, ಜ್ಯೂರಿಯೂ ಇಲ್ಲ. ಹೀಗೆ ಶಿಕ್ಷೆಯಾದವರ ತಾಯಂದಿರು, ಹೆಂಡತಿಯರು ಮತ್ತೆ ಲೇಖನಿ ಹಿಡಿದವರನ್ನು ಹುಡುಕಿಕೊಂಡು ಹೋದರು. ಬೆದರಿಕೆ ಪತ್ರ, ದಯೆಯ ಅರ್ಜಿ ಎರಡೂ ಒಂದೇ ಪ್ರದೇಶದಿಂದ ಬಂದವು, ಒಂದೇ ಆಫೀಸಿಗೆ ಸೇರಿದವು. ಎರಡನ್ನೂ ಜೊತೆಗಿಟ್ಟು ಓದಿದವರಿಗೆ ಗುಲಾಮತನ ಅನ್ನುವ ಮಾತು ಬಾಯಿಗೆ ಬರುವುದಿಲ್ಲ.

ಪ್ರಶ್ನೆ: 1922ರಲ್ಲಿ ಡಬ್ಲಿನ್ನಿನ ದಾಖಲೆಗಳೆಲ್ಲ ಸುಟ್ಟುಹೋದವು ಅಂತ ಕೇಳಿದ್ದೇನೆ. ಹಾಗಾದರೆ ಈ ಅರ್ಜಿಗಳು ಉಳಿದದ್ದು ಹೇಗೆ?

ಉತ್ತರ: ಸುಟ್ಟದ್ದು ಫೋರ್ ಕೋರ್ಟ್ಸ್ ಅನ್ನುವ ಡಬ್ಲಿನ್ನಿನ ನ್ಯಾಯಾಲಯಗಳ ಆವರಣದಲ್ಲಿದ್ದ ದಾಖಲೆ ಕಚೇರಿ. 1922ರ ಜೂನ್ 30ರಂದು, ಅಂತರ್ಯುದ್ಧದ ಶುರುವಿನಲ್ಲೇ, ಶತಮಾನಗಳ ಕಾಗದ ಹೋಯಿತು. 1821ರ ಜನಗಣತಿಯ ಪುಟಗಳು ಬಹುತೇಕ ಅಲ್ಲೇ ನಾಶವಾದವು. ಚೀಫ್ ಸೆಕ್ರೆಟರಿ ಆಫೀಸಿನ ಕಡತಗಳು ಮಾತ್ರ ಬೇರೆ ಜಾಗದಲ್ಲಿ, ಡಬ್ಲಿನ್ ಕ್ಯಾಸಲ್ ಒಳಗೇ ಇದ್ದವು. ಅದರಿಂದ ಬಚಾವಾದವು. ಜನಗಣತಿ ಇಲ್ಲವಾದ ಮೇಲೆ ಎಷ್ಟೋ ಬಡ ಸಂಸಾರಗಳ ಹೆಸರು ನೋಡಲು ಇರುವುದು ಈ ಅರ್ಜಿಗಳಲ್ಲೇ.

ಈಗ ಅವು ಐರ್ಲೆಂಡಿನ ರಾಷ್ಟ್ರೀಯ ದಾಖಲೆ ಸಂಸ್ಥೆಯಲ್ಲಿವೆ. 1818ರಿಂದ ಮುಂದಿನ ಕೆಲವು ವರ್ಷಗಳ ಕಾಗದಗಳಿಗೆ ವಿವರವಾದ ಸೂಚಿ ಮಾಡಿ ಅಂತರ್ಜಾಲದಲ್ಲಿ ಹಾಕಿದ್ದಾರೆ, ದುಡ್ಡು ಕೊಡಬೇಕಿಲ್ಲ. ಯಾರು, ಯಾವ ಊರು, ಏನು ಕೇಳಿದರು ಅನ್ನುವುದು ಒಂದೊಂದಕ್ಕೂ ಚಿಕ್ಕದಾಗಿ ಇದೆ. ಮೊದಲ ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ನನ್ನ ಸಲಹೆ: ಎಲ್ಲ ವರ್ಷ ಹರಡಿಕೊಂಡು ಕೂರಬೇಡಿ. 1822 ತೆಗೆದುಕೊಳ್ಳಿ, ಮೇಯೋ ಕೌಂಟಿ ಒಂದನ್ನೇ ಹುಡುಕಿ. ಷರಾ ಏನಿತ್ತು ಅನ್ನುವುದನ್ನು ಪ್ರತಿ ಸಲ ಬರೆದಿಟ್ಟುಕೊಳ್ಳಿ.