ಆಪ್ತಸಲಹೆ ಪ್ರಕರಣ: ‘ನಾನು ಹೇಳಿದ್ದೇ ಸರಿ’ ಎನ್ನುವ ತಂದೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ 48ರ ಗೃಹಸ್ಥರು. ಕರೆತಂದವರು ಹೆಂಡತಿ. ಮಗನ ಸಿಇಟಿ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಕೋರ್ಸ್‌ಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವುದು) ಶುರುವಾದಾಗಿನಿಂದ ಮನೆಯಲ್ಲಿ ದಿನವೂ ಜಗಳ. ಹಳೆಯ ಕಟ್‌ಆಫ್‌ಗಳನ್ನು (ಸೀಟು ಸಿಕ್ಕ ಕೊನೆಯ ರ್‍ಯಾಂಕ್) ಹರಡಿಕೊಂಡು ರಾತ್ರಿ ಒಂದರವರೆಗೆ ಕಾಲೇಜುಗಳ ಪಟ್ಟಿ ತಿದ್ದುತ್ತಾರೆ. ಮಗ ಬೇರೆ ಹೇಳಿದರೆ ‘ನಿನಗೇನು ಗೊತ್ತು?’. ಊಟದ ಹೊತ್ತಿಗೆ ನೆಂಟರ ಮದುವೆ ಯಾವ ಇಸವಿ ಎಂಬ ಮಾತು ಬಂದರೂ ಫೋನಿನಲ್ಲಿ ಫೋಟೊ ಹುಡುಕಿ, ತಮ್ಮದೇ ಸರಿ ಎಂದು ತೋರಿಸುವವರೆಗೆ ತುತ್ತು ಇಳಿಯದು. ಮಗ ಮಾತು ಬಿಟ್ಟಿದ್ದಾನೆ.

ಮನೆಯವರು ಇದನ್ನು ಹಟ ಎನ್ನುತ್ತಾರೆ. ವಾದ ಶುರುವಾಗುವ ಮುಂಚೆ ಏನಾಗುತ್ತದೆ ಎಂದು ಕೇಳಿದಾಗ ಅವರೆಂದದ್ದು: ಎದೆ ಬಿಗಿಯುತ್ತದೆ, ‘ತಪ್ಪಾದರೆ?’ ಎಂಬ ಯೋಚನೆ ನಿಲ್ಲುವುದಿಲ್ಲ. ತೀರ್ಮಾನ ಹೇಳಿಬಿಟ್ಟರೆ ಬಿಗಿ ಸಡಿಲುತ್ತದೆ. ಆ ಸಮಾಧಾನವೇ ಬಲೆ. ಅದು ಸಿಕ್ಕಷ್ಟೂ ‘ಖಚಿತವಾಗದೆ ಇರಲಾರೆ’ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಹಾಗಾಗಿ ಅವರ ಮಾತು ತಪ್ಪೆಂದು ಸಾಧಿಸಹೊರಟರೆ ಬಿಗಿ ಇನ್ನಷ್ಟು ಏರುತ್ತದೆ. ಗೊತ್ತಿಲ್ಲದ ಸ್ಥಿತಿಯಲ್ಲಿ ಸ್ವಲ್ಪ ಹೊತ್ತು ಇರುವುದು ಅವರಿಗೆ ರೂಢಿಯಾಗಬೇಕು.

ಮೊದಲ ವಾರ ಸಣ್ಣ ವಿಷಯಗಳು ಮಾತ್ರ: ಇಸವಿ, ದರ, ಬಸ್ಸಿನ ಸಮಯ. ಸಂಶಯ ಬಂದಾಗ 15 ನಿಮಿಷ ಫೋನ್ ಮುಟ್ಟಬಾರದು. ಮರುವಾರ 30 ನಿಮಿಷ, ಆಮೇಲೆ ನೋಡದೆಯೇ ಬಿಡುವುದು. ನೋಟ್‌ಬುಕ್‌ನಲ್ಲಿ ಮೂರು ಕಾಲಂ: ಏನಾದೀತೆಂಬ ಭಯ, ಚಡಪಡಿಕೆ ಹತ್ತಕ್ಕೆ ಎಷ್ಟು, ನಿಜಕ್ಕೂ ಏನಾಯಿತು. ಮೂರನೆಯದನ್ನು ಅಂದೇ ಸಂಜೆ ತುಂಬಬೇಕು. ಬಿಟ್ಟರೆ ಭಯವಷ್ಟೇ ನೆನಪುಳಿಯುತ್ತದೆ.

ಇಲ್ಲಿ ಅಭ್ಯಾಸ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಫೋನ್ ಬಿಟ್ಟವರು ಹೆಂಡತಿಯನ್ನು ಕೇಳುತ್ತಾರೆ, ಇಲ್ಲವೇ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಎರಡೂ ಫೋನ್ ನೋಡಿದಂತೆಯೇ. ಹೆಂಡತಿಗೆ ಹೇಳಿದ್ದು: ‘ಎಲ್ಲ ಸರಿಹೋಗುತ್ತೆ’ ಎನ್ನಬೇಡಿ. ‘ಕಷ್ಟ ಆಗ್ತಿದೆ ಅಂತ ಕಾಣುತ್ತೆ, ಉತ್ತರ ನನಗೂ ಗೊತ್ತಿಲ್ಲ’ ಎನ್ನಿ, ಪಕ್ಕದಲ್ಲಿ ಕೂತಿರಿ.

ಆಪ್ಷನ್‌ಗಳ ಕ್ರಮ ಮಗನಿಗೇ ಬಿಟ್ಟದ್ದು. ಶುಲ್ಕ, ಹಾಸ್ಟೆಲ್ ಖರ್ಚು ಎಷ್ಟರೊಳಗಿರಬೇಕೆಂದು ತಂದೆ ಬರೆದುಕೊಡಲಿ. ಅಣಕು ಸೀಟು ಹಂಚಿಕೆ (ಯಾವ ಸೀಟು ಸಿಗಬಹುದೆಂದು ಮೊದಲೇ ತೋರಿಸುವ ಪಟ್ಟಿ) ಬಂದ ಮೇಲೆ ಇಬ್ಬರೂ ಒಂದೇ ಸಲ, ಮುಕ್ಕಾಲು ಗಂಟೆ ಕೂತು ತಿದ್ದಲಿ. ಕಟ್‌ಆಫ್ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ರಾತ್ರಿಯಿಡೀ ನೋಡಿದರೂ ಖಾತರಿ ಸಿಗದು.

ಪರಿಶೀಲಿಸುವ ಚಾಳಿ ದಿನಕ್ಕೆ ಒಂದು ಗಂಟೆ ಮೀರಿದರೆ ಅದು ಗೀಳು ಕಾಯಿಲೆಯೇ ಎಂದು ಮನೋವೈದ್ಯರು ನೋಡಬೇಕು. ಇವರಲ್ಲಿ ಸದ್ಯ ಅಷ್ಟು ಹೊತ್ತು ಹೋಗುತ್ತಿರುವುದು ಸೀಟಿನ ಪಟ್ಟಿಗೆ ಮಾತ್ರ. ಹಂಚಿಕೆ ಮುಗಿದ ಮೇಲೂ ಮುಂದುವರಿದರೆ ತಡಮಾಡದೆ ತೋರಿಸಲು ತಿಳಿಸಲಾಗಿದೆ. ನಡುವೆ ತೀರಾ ತಾಳಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.