ಹತ್ತು ಗಂಟೆ ಹೂವನ್ನು ಪಾಚಿ ಕೊಂದಿತೇ?

ಪ್ರಶ್ನೆ: ಬದಿಯಡ್ಕ ಸಮೀಪದ ನಮ್ಮ ಮನೆಯ ಮುರಕಲ್ಲಿನ ಪಾಗಾರದ ಉತ್ತರ ಬದಿಯ ಬುಡದಲ್ಲಿ ಬೇಸಿಗೆಯಲ್ಲಿ ಹತ್ತು ಗಂಟೆ ಹೂವಿನ ಗಿಡ ಹಬ್ಬಿಸಿದ್ದೆ. ಆಟಿ ತಿಂಗಳಾಗುವಾಗ (ಜುಲೈ-ಆಗಸ್ಟ್) ಅದು ಕೊಳೆತುಹೋಗಿ ಅಲ್ಲೆಲ್ಲ ಪಾಚಿ ದಪ್ಪಗೆ ಹಬ್ಬಿತು. ನರ್ಸರಿಯವರು ಈ ಹೂವನ್ನು ‘ಮಾಸ್ ರೋಸ್’ ಎಂದಿದ್ದರು; ಇಂಗ್ಲಿಷಿನಲ್ಲಿ ‘ಮಾಸ್’ ಎಂದರೆ ಪಾಚಿ. ಎರಡೂ ಒಂದೇ ಕುಲದವೇ? ಪಾಚಿಯನ್ನು ಕೆರೆದು ತೆಗೆಯಬೇಕೇ?

ಉತ್ತರ: ನಿಮ್ಮ ಗಿಡವನ್ನು ಕೊಂದದ್ದು ಪಾಚಿಯಲ್ಲ, ಬುಡದಲ್ಲಿ ನಿಂತ ನೀರು. ‘ಮಾಸ್’ ಎಂಬುದು ವ್ಯಾಪಾರದ ಹೆಸರಿನಲ್ಲಷ್ಟೇ ಇದೆ. ದಕ್ಷಿಣ ಅಮೆರಿಕದಿಂದ ಬಂದ ಈ ಹೂಗಿಡ, ಅಂದರೆ ಪೋರ್ಚುಲಾಕಾ ಗ್ರಾಂಡಿಫ್ಲೋರಾ, ನಾವು ಸಾಂಬಾರಿಗೆ ಹಾಕುವ ಗೋಣಿ ಸೊಪ್ಪಿನ ಹತ್ತಿರದ ನೆಂಟ. ರಸಭರಿತ ಎಲೆ ಮತ್ತು ಕಾಂಡಗಳಲ್ಲಿ ನೀರನ್ನು ಕೂಡಿಟ್ಟುಕೊಂಡು ಒಣಭೂಮಿಯಲ್ಲಿ ಬದುಕುವುದು ಅದರ ಕ್ರಮವಾದ್ದರಿಂದ, ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಕಾಸರಗೋಡಿನಲ್ಲಿ ಬೇರು ಕೊಳೆಯುವುದು ಸಹಜ. ಉಳಿದಿದ್ದರೂ ಮೋಡದ ದಿನಗಳಲ್ಲಿ ಅದು ಹೂ ಬಿಚ್ಚುತ್ತಿರಲಿಲ್ಲ.

ಪಾಚಿಗೆ, ಶಾಲಾ ಪುಸ್ತಕದ ಮಾತಿನಲ್ಲಿ ಹಾವಸೆಗೆ, ನಿಜವಾದ ಬೇರೇ ಇಲ್ಲ. ಕಲ್ಲನ್ನು ಹಿಡಿದುಕೊಳ್ಳುವ ನೂಲಿನಂಥ ಎಳೆಗಳಿವೆ, ನೀರನ್ನು ಅದು ಬಹುಮಟ್ಟಿಗೆ ಎಲೆಗಳಿಂದಲೇ ಹೀರಿಕೊಳ್ಳುತ್ತದೆ. ಇಂಥ ಗೋಡೆಗಳಲ್ಲಿ ಸಾಮಾನ್ಯವಾಗಿ ಕಾಣುವ ಹಯೋಫಿಲಾ ಇನ್‌ವೊಲ್ಯೂಟಾ ಎಂಬ ಹಾವಸೆಯನ್ನು ಬೇಸಿಗೆಯಲ್ಲಿ ನೋಡಿದರೆ ಎಲೆಗಳು ಒಳಕ್ಕೆ ಸುರುಳಿಗೊಂಡು ಕಂದುಬಣ್ಣಕ್ಕೆ ತಿರುಗಿ, ಸತ್ತಂತೆ ಇರುತ್ತದೆ. ಒಂದು ಚೊಂಬು ನೀರು ಚಿಮುಕಿಸಿದರೆ ಕಣ್ಣೆದುರೇ ಬಿಚ್ಚಿಕೊಂಡು ಹಸಿರಾಗುತ್ತದೆ. ಹೂಗಿಡ ನೀರನ್ನು ಉಳಿಸಿಕೊಂಡು ಬರವನ್ನು ದಾಟಿದರೆ, ಹಾವಸೆ ಪೂರ್ತಿ ಒಣಗಿಯೇ ದಾಟುತ್ತದೆ.

ಎರಡಕ್ಕೂ ಒಂದು ವಿಚಿತ್ರ ಹೋಲಿಕೆ ಮಾತ್ರ ಇದೆ. ಒಣಗಿದ ಹೂವಿನ ಬುಡದಲ್ಲಿರುವ ಕಾಯಿಯನ್ನು ಉಗುರಿನಿಂದ ಮುಟ್ಟಿದರೆ ಮೇಲಿನ ಮುಚ್ಚಳ ಕಳಚಿ, ಬಟ್ಟಲಿನೊಳಗೆ ಮರಳಿನಂಥ ಬೀಜಗಳು ಕಾಣುತ್ತವೆ. ಹಾವಸೆಯ ದಂಟಿನ ತುದಿಯ ಸಣ್ಣ ಕೋಶವೂ ಹೀಗೆಯೇ ಮುಚ್ಚಳ ಕಳಚಿಕೊಳ್ಳುತ್ತದೆ; ಆದರೆ ಒಳಗಿರುವುದು ಬೀಜವಲ್ಲ, ಗಾಳಿಗೆ ಹಾರುವ ಬೀಜಕಗಳ ಹುಡಿ.

ಜಾಗದ ವಿಷಯ: ಏಪ್ರಿಲ್ ಕೊನೆಯಿಂದ ಆಗಸ್ಟ್ ತನಕ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುವುದರಿಂದ ಆ ಬುಡಕ್ಕೆ ಬಿಸಿಲು ಸಿಕ್ಕಿತು, ಗಿಡ ಹಬ್ಬಿತು. ಮಳೆ ಮುಗಿದು ಆಕಾಶ ತಿಳಿಯಾಗುವ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ಸರಿದು ಅಲ್ಲಿ ಪಾಗಾರದ ನೆರಳೇ ಇರುತ್ತದೆ. ಆದುದರಿಂದ ಮುಂದಿನ ವರ್ಷ ಮಳೆ ಹಿಡಿಯುವ ಮೊದಲೇ ಬೆರಳುದ್ದದ ತುಂಡುಗಳನ್ನು ಹೊಯಿಗೆ ಬೆರೆಸಿದ ಮಣ್ಣಿನ ಚಟ್ಟಿಯಲ್ಲಿ ನೆಟ್ಟು, ಬೆಳಕಿರುವ ಜಗಲಿಯಲ್ಲಿ ಇಡಿ. ಅಕ್ಟೋಬರಿನಲ್ಲಿ ಅವನ್ನು ಪಾಗಾರದ ದಕ್ಷಿಣ ಬದಿಗೆ, ನೆಲವನ್ನು ತುಸು ಏರಿಸಿ, ನೆಡಿ.

ಗೋಡೆಯ ಹಾವಸೆಯನ್ನು ಕೆರೆಯುವ ಅಗತ್ಯವಿಲ್ಲ. ಅಂಗಳದಲ್ಲಿ ಕಾಲು ಜಾರಿಸುವ ಲೋಳೆಯಂಥ ಪಾಚಿ ಹೆಚ್ಚಾಗಿ ಬೇರೆಯೇ ವರ್ಗದ ಶೈವಲ. ಬ್ರಷ್ ಹಿಡಿದು ಉಜ್ಜಬೇಕಾದದ್ದು ಅದನ್ನು.